ಸಂಡೂರಿನ ಅದಿರಿಗೆ ಇಡುಗಂಟು ಯಾಕಿಲ್ಲ?

ಹನ್ನೆರಡು ವರ್ಷದಿಂದ ಗೋವಾದ ವಾಸ್ಕೋದಲ್ಲಿದ್ದೇನೆ. ಊರು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕು. ರಜೆಗೆ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಮನೆ ಮುಂದಿನ ತುಳಸಿ. ರಸ್ತೆ ಕಡೆಯ ಎಲೆಗಳೆಲ್ಲ ಕೆಂಪು, ಗೋಡೆ ಕಡೆಯವು ಹಸಿರು. ಅವ್ವ ದಿನಾ ಬೆಳಗ್ಗೆ ನೀರು ಹಾಕುವಾಗ ಎಲೆ ತೊಳೆಯುತ್ತಾಳೆ. ಮಧ್ಯಾಹ್ನದೊಳಗೆ ಅದಿರಿನ ಟಿಪ್ಪರ್‌ಗಳು ಮತ್ತೆ ಕೆಂಪು ಮಾಡಿರುತ್ತವೆ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾದಾಗ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಇತ್ತು. 2022ರಲ್ಲಿ ಅದು 3.5 ಕೋಟಿ ಆಯಿತು. ಗೋವಾದಲ್ಲೂ 2012ರಲ್ಲಿ ಗಣಿ ನಿಂತಿತ್ತು. ಆದರೆ 2014ರಲ್ಲಿ ಕೋರ್ಟ್ ಅಲ್ಲಿ ಇನ್ನೊಂದು ಮಾತು ಹೇಳಿತು: ಅದಿರು ಮಾರಿದ ದುಡ್ಡಿನಲ್ಲಿ 10% ಶಾಶ್ವತ ನಿಧಿಗೆ, ಅಂದರೆ ಇಡುಗಂಟಿಗೆ ಹೋಗಬೇಕು, ಮುಂದಿನ ತಲೆಮಾರಿಗೂ ಅದರಲ್ಲಿ ಪಾಲಿದೆ. 2018ರಲ್ಲಿ 88 ಗಣಿ ಗುತ್ತಿಗೆ ರದ್ದಾಗಿ ಅದಿರು ಸಾಗಿಸುವ ಲಾರಿ, ಬಾರ್ಜ್ (ಸರಕು ದೋಣಿ) ನಂಬಿದವರು ಗೋವಾದಲ್ಲೂ ತುಂಬಾ ಕಷ್ಟಪಟ್ಟರು, ಅದೂ ನಿಜ. ಆದರೂ ಆ ನಿಧಿಯ ಯೋಚನೆ ನನಗೆ ಬಹಳ ಸರಿ ಅನಿಸುತ್ತದೆ.

ಬಳ್ಳಾರಿಯಲ್ಲಿ ಗಣಿಯಿಂದ ತೊಂದರೆಯಾದ ಊರುಗಳಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನ, ಡಿಎಂಎಫ್ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ನೂರು ರೂಪಾಯಿ ಅದಿರಿಗೆ ಗಣಿಯವರು ಸರ್ಕಾರಕ್ಕೆ ಕೊಡುವ ರಾಯಲ್ಟಿ 15 ರೂಪಾಯಿ. ಹಳೆಯ ಗುತ್ತಿಗೆಯಾದರೆ ಅದರ 30%, ಅಂದರೆ ನಾಲ್ಕೂವರೆ ರೂಪಾಯಿ ಡಿಎಂಎಫ್‌ಗೆ. ಹರಾಜಿನಲ್ಲಿ ಪಡೆದ ಗಣಿಯಾದರೆ 10%, ಬರೀ ಒಂದೂವರೆ ರೂಪಾಯಿ. ಹರಾಜಿನಲ್ಲಿ ಗಣಿ ಪಡೆದವರು ಮೇಲೆ ಕೊಡುವ ಪ್ರೀಮಿಯಂ ಜಾಸ್ತಿ ಬರುತ್ತದಲ್ಲ ಅನ್ನಬಹುದು. ಅದು ಹೋಗುವುದು ರಾಜ್ಯದ ಖಜಾನೆಗೆ, ತುಳಸಿ ಕೆಂಪಾದ ಊರಿಗಲ್ಲ.

ಡಿಎಂಎಫ್ ದುಡ್ಡು ನೀರು, ಶಾಲೆ, ಆಸ್ಪತ್ರೆ, ರಸ್ತೆಗೆ ಖರ್ಚಾಗಬೇಕು, ಬೇಡ ಅನ್ನುವುದಿಲ್ಲ. ಗಣಿ ಬಾಧಿತ ಪ್ರದೇಶ ಸುಧಾರಿಸಲು ಬೇರೆ ನಿಗಮವೂ ಇದೆ, ಆ ದುಡ್ಡೂ ಖರ್ಚಿಗೇ. ಅಜ್ಜನ ಹೊಲ ಮಾರಿ ಬಂದದ್ದನ್ನೆಲ್ಲ ಮನೆ ರಿಪೇರಿಗೇ ಹಾಕಿದ ಹಾಗೆ, ಅಲ್ವಾ? ಗುಡ್ಡ ಮತ್ತೆ ಬೆಳೆಯುವುದಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ.

ಇದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ವರ್ಷದ ಆದಾಯದಲ್ಲಿ ತಕ್ಕಷ್ಟು ಭಾಗವನ್ನು ಜನರ ಮುಂದಿನ ಜೀವನೋಪಾಯಕ್ಕೆ ಇಡುಗಂಟಾಗಿ ಇಡಬೇಕು ಅಂತ ಡಿಎಂಎಫ್ ಖರ್ಚಿಗೆ ಕೇಂದ್ರ 2015ರಲ್ಲೇ ಕೊಟ್ಟ ಮಾರ್ಗಸೂಚಿಯಲ್ಲಿತ್ತು. 'ತಕ್ಕಷ್ಟು' ಅಂದರೆ ಎಷ್ಟು ಅಂತ ಅದರಲ್ಲಿ ಇರಲಿಲ್ಲ. ಗೋವಾದಂತೆ ಖಡಾಖಂಡಿತ ಅಂಕಿ ಬೇಕು. ಮುಂದಿನ ಗ್ರಾಮಸಭೆಗೆ ರಜೆ ಹಾಕಿ ಊರಿಗೆ ಬರುತ್ತಿದ್ದೇನೆ. ಕೇಳುವುದು ಒಂದೇ: ಈ ವರ್ಷ ಬಂದದ್ದರಲ್ಲಿ ಇಡುಗಂಟಿಗೆ ಎಷ್ಟು ಹೋಯಿತು?