ಚಿಲಕ, ಜೆಲ್ಲಿ ಮತ್ತು ನಾನು

ಮಡಿಕೇರಿಯಲ್ಲಿ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ಬೆಚ್ಚಗಿರುವ ಜಾಗವೆಂದರೆ ಬಚ್ಚಲು ಒಂದೇ. ಹಂಡೆಯ ಕೆಳಗೆ ಸಿಲ್ವರ್ ಮರದ ಸೌದೆ ಉರಿಯುತ್ತಿರುತ್ತದೆ. ಇನ್ನೇನು ಕುದಿಯಬೇಕು ಎನ್ನುವ ನೀರನ್ನು ಚೆಂಬು ಚೆಂಬಾಗಿ ಬೆನ್ನಿಗೆ ಸುರಿದುಕೊಳ್ಳುವುದು ನನ್ನ ಏಕೈಕ ಐಷಾರಾಮ. ಅದಕ್ಕೂ ಚರ್ಮದ ಡಾಕ್ಟರು ಕತ್ತರಿ ಹಾಕಿದರು.

ಮೊಣಕೈ ಮಡಿಕೆಯಲ್ಲಿ, ಬೆರಳ ಸಂದುಗಳಲ್ಲಿ ಕೆರೆದು ಕೆರೆದು ಕೆಂಪಾಗಿದ್ದುದನ್ನು ನೋಡಿ, ‘ಎಕ್ಸಿಮಾ, ಅಂದರೆ ಇಸುಬು. ಚರ್ಮದ ತಡೆಗೋಡೆ ದುರ್ಬಲವಾಗಿ ಒಳಗಿನ ತೇವ ಆರಿಹೋಗುತ್ತಿದೆ’ ಎಂದರು. ಗೋಡೆಗೆ ಪಾಚಿ, ಚಪ್ಪಲಿಗೆ ಬೂಷ್ಟು, ವಾರದಿಂದ ಒಣಗದ ಬನಿಯನ್ನು. ಇಂಥ ಮನೆಯಲ್ಲಿ ಒಣಗಿದ್ದು ನನ್ನ ಚರ್ಮ ಮಾತ್ರ!

ನೀರು ಉಗುರುಬೆಚ್ಚಗಿರಬೇಕು, ಸ್ನಾನ 10 ನಿಮಿಷ ದಾಟಬಾರದು, ಘಮಘಮಿಸುವ ಸೋಪು ಬೇಡ, ಉಣ್ಣೆಯ ಸ್ವೆಟರ್ ಬರಿಮೈಗೆ ತಾಗಬಾರದು. ಕೆಂಪಾದ ಕಡೆ ಮುಲಾಮು; ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಉಳಿದ ಮೈಗೆಲ್ಲ, ಒರೆಸಿಕೊಂಡ 3 ನಿಮಿಷದೊಳಗೆ, ಪೆಟ್ರೋಲಿಯಂ ಜೆಲ್ಲಿ.

ಊರಿನ ವೈದ್ಯಕೀಯ ಮಂಡಳಿ ಇದನ್ನು ಒಪ್ಪಲಿಲ್ಲ. ಚಿಲ್ಲರೆಯನ್ನು ಕೈಗೆ ಕೊಡದೆ ಗಲ್ಲಾಪೆಟ್ಟಿಗೆಯ ಮೇಲೆ ಇಡುತ್ತಿದ್ದ ಅಂಗಡಿಯವರಿಗೆ ‘ಇದು ಅಂಟುವುದಿಲ್ಲ’ ಎಂದು ಹೇಳಿ ಹೇಳಿ ಸಾಕಾಯಿತು. ಕೊಡವರ ಕಕ್ಕಡ ತಿಂಗಳ 18ರಂದು ಚಿಕ್ಕಮ್ಮ ಮದ್ದುಸೊಪ್ಪಿನ ಪಾಯಸ ಬಡಿಸಿದವರು, ‘ಇವತ್ತು ಇದರಲ್ಲಿ ಹದಿನೆಂಟು ಮದ್ದು ಇಳಿದಿರುತ್ತದಂತೆ, ನಿನ್ನ ಕಜ್ಜಿ ಯಾವ ಲೆಕ್ಕ?’ ಎಂದು, ಮಿಕ್ಕ ಕಷಾಯವನ್ನು ನನ್ನ ಕೈಗೆ ಬಳಿದೇಬಿಟ್ಟರು. ಆ ಪಾಯಸ ಉಂಡರೆ ಮರುದಿನ ಮೂತ್ರ ಕೆಂಪಾಗುವುದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಮೊಣಕೈವರೆಗೆ ನೇರಳೆ ಬಣ್ಣ ಹೊತ್ತು ಕಚೇರಿಗೆ ಹೋದವನು ಮಾತ್ರ ನಾನೊಬ್ಬನೇ ಇರಬೇಕು. ತುರಿಕೆ ಇದ್ದ ಹಾಗೇ ಇತ್ತು.

ಆಮೇಲೆ ಡಾಕ್ಟರಿಗೇ ಶರಣಾದೆ. ಭಾನುವಾರ ಕಿಟಕಿಯಲ್ಲಿ ಮೊಬೈಲ್ ಇಟ್ಟು, ಸಮಯ ನೋಡಿಕೊಂಡು ಮಿಂದೆ. ಕತ್ತಿನಿಂದ ಪಾದದವರೆಗೆ ಜೆಲ್ಲಿ ಮೆತ್ತಿದಾಗ ಇನ್ನೂ 20 ಸೆಕೆಂಡು ಬಾಕಿ! ಗೆದ್ದ ಸಂಭ್ರಮದಲ್ಲಿ ಚಿಲಕಕ್ಕೆ ಕೈ ಹಾಕಿದೆ. ಜಾರಿತು. ಮಳೆಗೆ ಉಬ್ಬಿದ ಬಾಗಿಲು ಚಿಲಕವನ್ನು ಕಚ್ಚಿ ಹಿಡಿದಿತ್ತು. ಕೈ ಎಣ್ಣೆ ಸವರಿದ ಹಲಸಿನ ತೊಳೆಯಂತೆ ನುಣುಚಿಕೊಳ್ಳುತ್ತಿತ್ತು. ಟವೆಲಿನಿಂದ ಹಿಡಿದರೆ ಅದೂ ಜಿಡ್ಡು.

‘ಹತ್ತು ನಿಮಿಷ ಎಂದಿದ್ದರಲ್ಲವೇ ಡಾಕ್ಟರು?’ ಹೊರಗಿನಿಂದ ಹೆಂಡತಿ.

‘ಚಿಲಕ ಬರುತ್ತಿಲ್ಲ.’

‘ನೀವೇ ಅಲ್ಲವೇ ಹಾಕಿಕೊಂಡಿದ್ದು?’

ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಒಲೆಯ ಬಾಯಲ್ಲಿದ್ದ ಬೂದಿ. ತಣ್ಣಗಿದ್ದ ಕಡೆಯಿಂದ ಎರಡು ಹಿಡಿ ಎತ್ತಿ ಅಂಗೈಗೆ ತಿಕ್ಕಿಕೊಂಡೆ. ಬೆರಳ ಬಿರುಕಿಗೆ ಬೂದಿ ಇಳಿದು ಚುರುಗುಟ್ಟಿತು. ಆದರೆ ಹಿಡಿತ ಬಂತು. ಎರಡು ಕೈಯಲ್ಲೂ ಜಗ್ಗಿದಾಗ ಚಿಲಕ ಕಿತ್ತು ಬಂದು, ನಾನು ಹಿಮ್ಮುಖವಾಗಿ ಬೂದಿಗುಡ್ಡೆಯ ಮೇಲೆಯೇ ಕುಳಿತೆ. ಜೆಲ್ಲಿಗೆ ಬೂದಿ ಎಷ್ಟು ಚೆನ್ನಾಗಿ ಹಿಡಿಯುತ್ತದೆಂದು ಅವತ್ತು ತಿಳಿಯಿತು.

ಹೆಂಡತಿ ಬಾಗಿಲು ತಳ್ಳಿ ಮೇಲಿನಿಂದ ಕೆಳಗೆ ನೋಡಿದಳು. ‘ಯಾವ ಮಠಕ್ಕೆ ಹೊರಟಿರಿ?’

ಮತ್ತೆ ಸ್ನಾನ ಮಾಡದೆ ಗತ್ಯಂತರವಿರಲಿಲ್ಲ. ಚಿಲಕವಿಲ್ಲದ ಬಾಗಿಲಿಗೆ ಬಕೆಟ್ ಒರಗಿಸಿ, ಹಂಡೆಯ ಮುಚ್ಚಳ ತೆಗೆದೆ. ಆ ನೀರು ಎಷ್ಟು ಬಿಸಿಯಿತ್ತೆಂದು ಡಾಕ್ಟರಿಗೆ ಹೇಳಿಲ್ಲ.