ಆಯುಧಪೂಜೆಗೆ ಮೊದಲು ಗ್ರೀಸ್ ಗನ್ ತೂಗಿ ನೋಡಿ

ಆಯುಧಪೂಜೆ ಹತ್ತಿರ ಬಂದರೆ ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಶೆಡ್ಡುಗಳಲ್ಲಿ, ತಿಪಟೂರಿನ ತೆಂಗಿನಪುಡಿ ಘಟಕಗಳಲ್ಲಿ, ನಮ್ಮ ಅಕ್ಕಿ ಗಿರಣಿಗಳಲ್ಲಿ ಮೆಷಿನ್ ತೊಳೆಯುವ ಕೆಲಸ ಶುರುವಾಗುತ್ತದೆ. ಪೈಪ್ ಹಿಡಿದು ಜೋರಾಗಿ ನೀರು ಬಿಡುತ್ತಾರೆ. ಸೋಪಿನ ಪುಡಿ ಹಾಕಿ ಉಜ್ಜುತ್ತಾರೆ. ಆರಿದ ಮೇಲೆ ಗ್ರೀಸ್ ಹಾಕುವ ಒಂದು ನಿಪ್ಪಲ್ಲೂ ಬಿಡದೆ, ಸೀಲಿನಿಂದ ಹೊರಗೆ ಬರುವವರೆಗೂ ಗ್ರೀಸ್ ಹೊಡೆದು, ಬಂದದ್ದನ್ನು ಒರೆಸಿ, ಅರಿಶಿನ ಕುಂಕುಮ ಇಟ್ಟು ಬೂದಗುಂಬಳ ಒಡೆಯುತ್ತಾರೆ. ಅನ್ನ ಕೊಡುವ ಮೆಷಿನ್ನಿಗೆ ಕೈಮುಗಿಯುವ ಈ ಪದ್ಧತಿಯ ಮೇಲೆ ನನಗೆ ತುಂಬಾ ಗೌರವವಿದೆ. ಅದಕ್ಕೇ ಇದನ್ನು ಹೇಳಲೇಬೇಕು: ಹಬ್ಬ ಕಳೆದು ಕೆಲವು ವಾರಕ್ಕೆ, ತಿರುಗುವ ದಂಡವನ್ನು ಅಂದರೆ ಶಾಫ್ಟನ್ನು ಹೊರುವ ಬೇರಿಂಗ್ ಕೂಗತೊಡಗಿದರೆ, ಕಾರಣವನ್ನು ಮೊದಲು ಆ ತೊಳೆದ ದಿನದಲ್ಲೇ ಹುಡುಕಿ.

ಪ್ಲಮ್ಮರ್ ಬ್ಲಾಕಿನ, ಅಂದರೆ ಬೇರಿಂಗ್ ಕೂರುವ ಮನೆಯ, ಸೀಲ್ ಇರುವುದು ಧೂಳು ತಡೆಯುವುದಕ್ಕೆ, ಗ್ರೀಸ್ ಹಿಡಿದಿಡುವುದಕ್ಕೆ. ನೇರವಾಗಿ ಹೊಡೆಯುವ ನೀರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಒಳಗೆ ಹೋದ ನೀರು ಎರಡು ಕೆಡುಕು ಮಾಡುತ್ತದೆ. ಓಡುವಾಗ ರೋಲರ್ ಮತ್ತು ಅದು ಉರುಳುವ ಹಾದಿಯಾದ ರೇಸ್ ನಡುವಿನ ಎಣ್ಣೆ ಪದರ ಭಾರ ಹೊರಲಾಗದೆ ಹರಿದುಹೋಗುತ್ತದೆ. ನಿಂತಾಗ ರೋಲರ್ ಕೂತ ಜಾಗದಲ್ಲೇ ತುಕ್ಕು ಹಿಡಿಯುತ್ತದೆ. ಹಬ್ಬಕ್ಕೆ ಎರಡು ಮೂರು ದಿನ ರಜೆ ಕೊಟ್ಟರೆ ತುಕ್ಕಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಆ ಚುಕ್ಕೆಯಿಂದಲೇ ಮುಂದೆ ಚಕ್ಕೆ ಏಳುವುದು. ಹಾಗಾಗಿ ತೊಳೆಯಲೇಬೇಕು ಎನ್ನುವವರು ಬೇರಿಂಗ್ ಸೀಲ್, ಗೇರ್‌ಬಾಕ್ಸ್ ಬ್ರೀದರ್ (ಗಾಳಿ ಆಡುವ ರಂಧ್ರ), ಮೋಟಾರಿನ ವೈರು ಸೇರುವ ಟರ್ಮಿನಲ್ ಬಾಕ್ಸ್ ಇಷ್ಟಕ್ಕೂ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ. ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಏರ್ ಹೊಡೆಯುವಾಗಲೂ ಸೀಲಿನ ಬಾಯಿಗೆ ಹಿಡಿಯಬೇಡಿ, ತೌಡಿನ ಪುಡಿ, ಕಲ್ಲಿನ ಧೂಳು ನೇರ ಒಳಗೆ ಹೋಗುತ್ತದೆ. ಬೇರಿಂಗ್ ಒಳಗಿನ ಎಣ್ಣೆ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ತೆಳ್ಳಗಿರುತ್ತದೆ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಧೂಳು ಕೂಡ ಆ ಪದರಕ್ಕೆ ಬಂಡೆಯೇ. ಕ್ರಷರ್ ಇಟ್ಟಿರುವವರು ಇನ್ನೊಂದು ನೆನಪಿಡಿ, ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್ ಬೇರಿಂಗ್ ಸ್ಟೀಲಿಗಿಂತ ಗಟ್ಟಿ.

ಈಗ ಗನ್ ವಿಷಯ. ಬೇರಿಂಗ್ ಕೆಟ್ಟಾಗ "ಗ್ರೀಸ್ ಹಾಕಿರಲಿಲ್ಲ" ಎಂದು ಹೆಲ್ಪರನ್ನು ಬೈಯುತ್ತಾರೆ. ಹೆಚ್ಚು ಹಾಕಿದ್ದಕ್ಕೆ ಬೈದದ್ದನ್ನು ಯಾರಾದರೂ ಕೇಳಿದ್ದೀರಾ? ಹೆಚ್ಚಾದ ಗ್ರೀಸೂ ಬೇರಿಂಗ್ ಕೊಲ್ಲುತ್ತದೆ. ಜಾಗವಿಲ್ಲದೆ ಗ್ರೀಸ್ ಒಳಗೇ ಕಡೆಯಲ್ಪಟ್ಟು ಬಿಸಿಯಾಗುತ್ತದೆ, ಅದರೊಳಗಿನ ಎಣ್ಣೆ ಬೇರೆಯಾಗಿ ಸೋರಿಹೋಗುತ್ತದೆ, ಉಳಿದದ್ದು ಒಣಗಿದ ಗಸಿ. ಕೈಯಲ್ಲಿ ಒತ್ತುವ ಗನ್ನೇ ಸಾವಿರಾರು ಪಿಎಸ್‌ಐ ಒತ್ತಡ ಕೊಡುತ್ತದೆ. ಆ ಒತ್ತಡಕ್ಕೆ ಸೀಲಿನ ತುಟಿ ಮಗುಚಿಕೊಂಡರೆ ಅಂದಿನಿಂದ ಧೂಳಿಗೆ ಬಾಗಿಲು ತೆರೆದಂತೆ.

ಎಷ್ಟು ಹಾಕಬೇಕು ಎನ್ನುವುದಕ್ಕೆ ಸುಲಭ ಲೆಕ್ಕವಿದೆ. ಬೇರಿಂಗಿನ ಹೊರವ್ಯಾಸವನ್ನು ಅಗಲದಿಂದ ಗುಣಿಸಿ, ಎರಡೂ ಮಿಲಿಮೀಟರಿನಲ್ಲಿ. ಬಂದದ್ದನ್ನು 0.005ರಿಂದ ಗುಣಿಸಿದರೆ ಒಂದು ಸಲಕ್ಕೆ ಬೇಕಾದ ಗ್ರೀಸ್ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಮೋಟಾರುಗಳಲ್ಲಿ ಸಾಮಾನ್ಯವಾಗಿ ಸಿಗುವ 6309 ನಂಬರಿನ ಬೇರಿಂಗ್ ತೆಗೆದುಕೊಳ್ಳಿ: ಹೊರವ್ಯಾಸ 100, ಅಗಲ 25, ಅಂದರೆ 12.5 ಗ್ರಾಂ. 6205ಕ್ಕೆ ಬರೀ 4 ಗ್ರಾಂ. ಬ್ಲೋವರ್, ಎಲಿವೇಟರ್‌ಗಳಿಗೆ ಹಾಕುವ 22212ಕ್ಕೆ ಸುಮಾರು 15, ದೊಡ್ಡ 22222ಕ್ಕೆ 53 ಗ್ರಾಂ. ಆದರೆ ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆ? ಒಂದು ಗನ್ 0.8 ಗ್ರಾಂ ಕೊಟ್ಟರೆ ನೋಡಲು ಹಾಗೇ ಇರುವ ಇನ್ನೊಂದು 2 ಗ್ರಾಂ ಕೊಡಬಹುದು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಕಾಗದದ ಮೇಲೆ 10 ಸಲ ಒತ್ತಿ, ತೂಗಿ, 10ರಿಂದ ಭಾಗಿಸಿ, ಬಂದ ಅಂಕಿಯನ್ನು ಪೇಂಟಿನಲ್ಲಿ ಗನ್ ಮೇಲೇ ಬರೆಯಿರಿ. 1.3 ಗ್ರಾಂ ಬಂದರೆ 6309ಕ್ಕೆ ಒಂಬತ್ತು ಹತ್ತು ಒತ್ತು, ಅಷ್ಟೇ. ಇದಕ್ಕೆ ಹಿಡಿಯುವುದು ಐದು ನಿಮಿಷ. ಮೇಂಟೆನೆನ್ಸಿನಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೋಟಾರಿಗೆ ಹಾಕುವಾಗ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ. ಗಟ್ಟಿಯಾದ ಹಳೆ ಗ್ರೀಸ್ ದಾರಿಗೆ ಅಡ್ಡ ಇದ್ದರೆ ಸಣ್ಣ ಕಡ್ಡಿಯಿಂದ ತೆರವು ಮಾಡಿ. ಹಾಕಿದ ಮೇಲೆ ಅರ್ಧ-ಒಂದು ಗಂಟೆ ಓಡಿಸಿ, ಹೆಚ್ಚಾದದ್ದು ಹೊರಬಂದ ಮೇಲೆ ಪ್ಲಗ್ ಹಾಕಿ. ಪ್ಲಗ್ ಬಿಚ್ಚದೆ ತುಂಬಿದರೆ ಗ್ರೀಸ್ ವೈಂಡಿಂಗ್ (ತಂತಿಯ ಸುತ್ತು) ಕಡೆ ದಾರಿ ಮಾಡಿಕೊಳ್ಳುತ್ತದೆ. ನಿಪ್ಪಲ್ಲನ್ನೂ ಗನ್ನಿನ ಮೂತಿಯನ್ನೂ ಮೊದಲು ಚೊಕ್ಕ ಬಟ್ಟೆಯಲ್ಲಿ ಒರೆಸದಿದ್ದರೆ, ನಾವೇ ಒತ್ತಡ ಹಾಕಿ ಧೂಳನ್ನು ಒಳಗೆ ತಳ್ಳಿದಂತೆ.

ಅವಧಿಗೆ ತಯಾರಕರ ಪಟ್ಟಿ ನೋಡಿ, ಆದರೆ ಅದು ಸಾಧಾರಣ ಪರಿಸ್ಥಿತಿಗೆ ಕೊಟ್ಟದ್ದು. ಬೇರಿಂಗ್ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಅವಧಿಯನ್ನು ಅರ್ಧ ಮಾಡಬೇಕು. ಶಾಫ್ಟ್ ನೆಟ್ಟಗೆ ನಿಂತಿದ್ದರೆ ಮತ್ತೆ ಅರ್ಧ. ಧೂಳಿನ ಜಾಗದಲ್ಲಿ ಇನ್ನೂ ಬೇಗ. ಎಲ್ಲ ಮೆಷಿನ್ನಿಗೂ ತಿಂಗಳಿಗೊಮ್ಮೆ ಎನ್ನುವ ಲೆಕ್ಕ ಕೆಲವಕ್ಕೆ ಹಸಿವು, ಕೆಲವಕ್ಕೆ ಅಜೀರ್ಣ.

ಗ್ರೀಸಿನ ಬಣ್ಣ ನೋಡಿ ಮೋಸಹೋಗಬೇಡಿ. ಕೆಂಪು, ನೀಲಿ ಎಲ್ಲ ಕಂಪನಿ ಸೇರಿಸುವ ಬಣ್ಣ. ಮುಖ್ಯವಾದದ್ದು ಗಟ್ಟಿಕಾರಕ ಯಾವುದು ಎಂಬುದು: ಲಿಥಿಯಂ, ಕ್ಯಾಲ್ಸಿಯಂ, ಪಾಲಿಯೂರಿಯಾ, ಜೇಡಿಮಣ್ಣು. ಅನೇಕ ಮೋಟಾರುಗಳು ಕಾರ್ಖಾನೆಯಿಂದ ಪಾಲಿಯೂರಿಯಾ ಗ್ರೀಸಿನೊಂದಿಗೆ ಬರುತ್ತವೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಲಿಥಿಯಂ. ಎರಡೂ ಬೆರೆತರೆ ಎಷ್ಟೋ ಸಲ ಗ್ರೀಸ್ ನೀರಾಗಿ ಹರಿದುಹೋಗುತ್ತದೆ. ಒಂದು ಗ್ರೀಸಿಗೆ ಒಂದೇ ಗನ್, ಗನ್ನಿಗೂ ನಿಪ್ಪಲ್ ಮುಚ್ಚಳಕ್ಕೂ ಒಂದೇ ಬಣ್ಣ. ತೆಂಗಿನಪುಡಿ, ಎಣ್ಣೆ, ಅಕ್ಕಿ ಘಟಕದವರಿಗೆ ಒಂದು ಮಾತು: ಆಹಾರಕ್ಕೆ ತಾಗಬಹುದಾದ ಜಾಗದಲ್ಲಿ ಎಚ್1 ದರ್ಜೆಯ ಗ್ರೀಸ್ ಬಿಟ್ಟು ಬೇರೆ ಬೇಡ. ದುಬಾರಿ ನಿಜ, ಆದರೆ ಜನ ಊಟ ಮಾಡುವ ವಸ್ತುವಿನಲ್ಲಿ ರಾಜಿ ಸಲ್ಲದು.

ಗೇರ್‌ಬಾಕ್ಸ್ ಎಣ್ಣೆಯ ಕಥೆ ಡ್ರಮ್ಮಿನಿಂದಲೇ ಶುರು. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ ಹಗಲು ಬಿಸಿಲಿಗೆ ಉಬ್ಬಿ, ರಾತ್ರಿ ತಣಿದು ಕುಗ್ಗುತ್ತದೆ. ಕುಗ್ಗುವಾಗ ಮೇಲೆ ನಿಂತ ಮಳೆನೀರನ್ನು ಮುಚ್ಚಳದ ಸಂದಿಯಿಂದ ಹೀರಿಕೊಳ್ಳುತ್ತದೆ. ನೆರಳಲ್ಲಿಡಿ. ಆಗದಿದ್ದರೆ ಮಲಗಿಸಿ, ಎರಡು ಮುಚ್ಚಳಗಳೂ ಗಡಿಯಾರದ 3 ಮತ್ತು 9ರ ಜಾಗಕ್ಕೆ ಬರಲಿ, ಎಣ್ಣೆಯೇ ಒಳಗಿನಿಂದ ಮುಚ್ಚಳವನ್ನು ಒದ್ದೆಯಾಗಿಟ್ಟು ಗಾಳಿ ತಡೆಯುತ್ತದೆ. ಹೊಸ ಎಣ್ಣೆ ಎಂದರೆ ಶುದ್ಧ ಎಣ್ಣೆ ಎಂದೂ ಅಲ್ಲ, ಫಿಲ್ಟರ್ ಮಾಡಿಯೇ ಹಾಕುವುದು ಒಳ್ಳೆಯದು. ನೀರಿದೆಯೋ ನೋಡಲು, ಕಣ್ಣಿನ ರಕ್ಷಣೆಗೆ ಕನ್ನಡಕ ಹಾಕಿಕೊಂಡು, ಸುಮಾರು 160 ಡಿಗ್ರಿ ಕಾದ ತಟ್ಟೆಯ ಮೇಲೆ ಒಂದು ಹನಿ ಬಿಡಿ. ಚಟಪಟ ಎಂದರೆ ನೀರಿದೆ. ಲ್ಯಾಬಿಗೆ ಕಳಿಸುವ ಸ್ಯಾಂಪಲ್ಲನ್ನು ಮೆಷಿನ್ ಓಡಿ ಬಿಸಿಯಾಗಿರುವಾಗ ಎಣ್ಣೆಯ ನಡುಮಟ್ಟದಿಂದ ತೆಗೆಯಿರಿ. ಡ್ರೈನ್ ಬಿಚ್ಚಿ ಮೊದಲು ಬಂದದ್ದನ್ನು ಹಿಡಿದರೆ ವರದಿಯಲ್ಲಿ ತಳದ ಕೆಸರಿನ ಲೆಕ್ಕ ಬರುತ್ತದೆ. ವರದಿಯಲ್ಲಿ ಸಿಲಿಕಾನ್ ಏರಿದ್ದರೆ ಸಾಮಾನ್ಯವಾಗಿ ಮಣ್ಣುಧೂಳು ಹೋಗುತ್ತಿದೆ, ಕಬ್ಬಿಣ ಏರಿದ್ದರೆ ಹಲ್ಲು ಅಥವಾ ಬೇರಿಂಗ್ ಸವೆಯುತ್ತಿದೆ. ಎರಡೂ ಜೊತೆಗೆ ಏರಿದ್ದರೆ ಬ್ರೀದರ್ ಮತ್ತು ಸೀಲ್ ಕಡೆ ಓಡಿ.

ಈಗ ಮೆಷಿನ್ ಮೇಲೆ ವೈರ್‌ಲೆಸ್ ಸೆನ್ಸರ್ ಅಂಟಿಸಿ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಸಣ್ಣ ಘಟಕಗಳಿಗೂ ಬರುತ್ತಿದೆ. ಒಳ್ಳೆಯದೇ. ಆದರೆ ಸೆನ್ಸರ್ ಗ್ರೀಸ್ ಹಾಕುವುದಿಲ್ಲ, ಕೆಡುತ್ತಿದೆ ಎಂದು ತಿಳಿಸುತ್ತದೆ ಅಷ್ಟೆ. ಬೇರಿಂಗ್ ಕೆಡುವುದಕ್ಕೂ ಒಂದು ಕ್ರಮವಿದೆ: ಸಾಮಾನ್ಯವಾಗಿ ಮೊದಲು ಕಿವಿಗೆ ಕೇಳದ ಅಲ್ಟ್ರಾಸೌಂಡ್, ಆಮೇಲೆ ವೈಬ್ರೇಷನ್, ಆಮೇಲೆ ಬಿಸಿ, ಕೊನೆಗೆ ನಮಗೆ ಕೇಳುವ ಸದ್ದು. ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳುವ ಹಿರಿಯ ಫಿಟ್ಟರುಗಳ ಅನುಭವಕ್ಕೆ ನನ್ನ ನಮಸ್ಕಾರ, ಆದರೆ ಆ ಹೊತ್ತಿಗೆ ಉಳಿದಿರುವ ದಿನ ಕಡಿಮೆ.

ಶುರು ಮಾಡುವವರಿಗೆ ಕೈಯಲ್ಲಿ ಹಿಡಿಯುವ ವೈಬ್ರೇಷನ್ ಮೀಟರ್ ಒಂದು ಸಾಕು. ಬೇರಿಂಗ್ ಮನೆಯ ಮೇಲೆ ಪೇಂಟಿನಲ್ಲಿ ಚುಕ್ಕೆ ಇಟ್ಟು, ಪ್ರತಿ ಸಲ ಅದೇ ಚುಕ್ಕೆಯಲ್ಲಿ, ಅದೇ ಲೋಡಿನಲ್ಲಿ ಅಡ್ಡ, ಮೇಲೆ-ಕೆಳಗೆ, ಶಾಫ್ಟಿನ ನೇರ ಮೂರೂ ಅಳೆಯಿರಿ. ಗಟ್ಟಿ ತಳಪಾಯದ ಮೇಲಿನ 15ರಿಂದ 300 ಕಿಲೋವ್ಯಾಟ್ ಮೆಷಿನ್ನಿಗೆ ಐಎಸ್‌ಒ 10816-3 ಮಾನದಂಡ (2022ರಲ್ಲಿ ಅದರ ಜಾಗಕ್ಕೆ 20816-3 ಬಂದಿದೆ) ಕೊಟ್ಟ ಗಡಿ ಹೀಗಿದೆ: ಸೆಕೆಂಡಿಗೆ 1.4 ಮಿಲಿಮೀಟರ್‌ವರೆಗೆ ಹೊಸದರಂತೆ, 2.8ರವರೆಗೆ ನಿಶ್ಚಿಂತೆ, 4.5ರವರೆಗೆ ರಿಪೇರಿಯ ದಿನ ಗೊತ್ತುಮಾಡಿ, ಅದರ ಮೇಲೆ ನಿಲ್ಲಿಸಿ. ಅಲುಗಾಡಿಸಲೆಂದೇ ಮಾಡಿದ ಜರಡಿಗೆ ಈ ಲೆಕ್ಕ ಸಲ್ಲದು. ಗಡಿಗಿಂತಲೂ ಮುಖ್ಯ ಏರಿಕೆ. ಹೋದ ತಿಂಗಳು 1.1 ಇದ್ದದ್ದು ಈಗ 2.2 ಆದರೆ ಗಡಿಯೊಳಗಿದೆ ಎಂದು ಸುಮ್ಮನಿರಬೇಡಿ. ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ, ಅಳೆಯುವ ಜಾಗಕ್ಕೆ ಹೊಳಪಿಲ್ಲದ ಕಪ್ಪು ಪೇಂಟ್ ಬಳಿದಿಡಿ. ಅಲ್ಟ್ರಾಸೌಂಡ್ ಉಪಕರಣ ಕೊಳ್ಳುವ ಶಕ್ತಿಯಿದ್ದವರು ಮೊದಲ ಅಳತೆಗಿಂತ 8 ಡೆಸಿಬಲ್ ಏರಿದಾಗ ಗ್ರೀಸ್ ಹಾಕಿ, ಸದ್ದು ಇಳಿದು ಸ್ಥಿರವಾದ ಕೂಡಲೇ ಒತ್ತುವುದನ್ನು ನಿಲ್ಲಿಸಬಹುದು.

ಕೆಟ್ಟ ಬೇರಿಂಗನ್ನು ನೇರ ಗುಜರಿಗೆ ಹಾಕಬೇಡಿ. ಹೊರ ರಿಂಗ್ ಕತ್ತರಿಸಿ ನೋಡಿ. ರೋಲರುಗಳ ಅಂತರಕ್ಕೆ ಸರಿಯಾಗಿ ಕಂದು ಗೆರೆ ಬಿದ್ದಿದ್ದರೆ ನಿಂತ ನೀರು. ಹಾದಿಯೆಲ್ಲ ಮಸುಕಾಗಿ ತರಿತರಿಯಾಗಿದ್ದರೆ ಧೂಳು. ನೀಲಿ ತಿರುಗಿದ್ದರೆ ಬಿಸಿ. ಬಟ್ಟೆ ಒಗೆಯುವ ಹಲಗೆಯಂತೆ ಸಾಲುಸಾಲು ಗೆರೆ ಇದ್ದರೆ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿಯಿಂದ ಶಾಫ್ಟಿನಲ್ಲಿ ಕರೆಂಟ್ ಹರಿದಿದೆ, ಅದಕ್ಕೆ ಎಷ್ಟು ಗ್ರೀಸ್ ಹಾಕಿದರೂ ಪ್ರಯೋಜನವಿಲ್ಲ, ಅರ್ಥಿಂಗ್ ಬ್ರಷ್ ಅಥವಾ ಇನ್ಸುಲೇಟೆಡ್ ಬೇರಿಂಗ್ ಬೇಕು.

ನನಗೆ ಬೇಸರ ತರುವುದು ಒಂದೇ. ಬಹಳ ಕಡೆ ಗ್ರೀಸ್ ಗನ್ ಸಿಗುವುದು ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೆ, ಯಾರೂ ಏನೂ ಹೇಳಿಕೊಡದೆ. ಲಕ್ಷಗಟ್ಟಲೆ ಬೆಲೆಯ ಮೆಷಿನ್ನಿನ ಆಯಸ್ಸು ಅವನ ಕೈಯಲ್ಲಿದೆ ಎಂದು ಅವನಿಗೂ ಗೊತ್ತಿಲ್ಲ, ಮಾಲೀಕರಿಗೂ ಗೊತ್ತಿಲ್ಲ. ಆ ಕೆಲಸಕ್ಕೆ ಒಬ್ಬ ಒಳ್ಳೆಯ ಫಿಟ್ಟರನ್ನು ಹೆಸರು ಹಿಡಿದು ನೇಮಿಸಿ, ಅವರ ಸಂಬಳದಲ್ಲಿ ಅದು ಕಾಣಲಿ.

ಈ ಸಲ ಹಬ್ಬದ ಮಾರನೆ ದಿನ ಸ್ವಿಚ್ ಒತ್ತುವ ಮೊದಲು ಪ್ಲಾಸ್ಟಿಕ್ ಹೊದಿಕೆ ತೆಗೆದು, ಮೇನ್ ಆಫ್ ಮಾಡಿ ಲಾಕ್ ಹಾಕಿ, ಶಾಫ್ಟನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ನೋಡಿ. ಓಡಿಸಿದ ಮೇಲೆ ಅರ್ಧ ಗಂಟೆಗೊಮ್ಮೆ ಬೇರಿಂಗಿನ ಬಿಸಿ ಬರೆದುಕೊಳ್ಳಿ. ಹೊಸ ಗ್ರೀಸಿಗೆ ಮೊದಲ ಕೆಲವು ಗಂಟೆ ಏರುವುದು ಸಹಜ, ಆಮೇಲೆ ಇಳಿಯಬೇಕು. ಮರುದಿನವೂ ಇಳಿಯದಿದ್ದರೆ ಹೆಚ್ಚು ಹೊಡೆದಿದ್ದೀರಿ. ನಿಲ್ಲಿಸಿ, ಬ್ಲಾಕಿನ ಮುಚ್ಚಳ ಬಿಚ್ಚಿ, ಬೇರಿಂಗ್ ಸುತ್ತಲಿನ ಖಾಲಿ ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯುವಂತೆ ಗ್ರೀಸ್ ತೆಗೆಯಿರಿ.