ನೀಲ್ ಯಂಗ್ ಥರ ಇಲ್ಲದ ನೀಲ್ ಯಂಗ್

1983ರಲ್ಲಿ ಅಮೆರಿಕದ ಒಂದು ರೆಕಾರ್ಡ್ ಕಂಪನಿ ತನ್ನ ಹಾಡುಗಾರನ ಮೇಲೆಯೇ ಕೇಸು ಜಡಿಯಿತು. ದುಡ್ಡು ನುಂಗಿದ ಅಂತಲ್ಲ. ಬೇರೆಯವರ ರಾಗ ಕದ್ದ ಅಂತಲ್ಲ. ಕುಡಿದು ಸ್ಟುಡಿಯೋಗೆ ಬಂದ ಅಂತಲೂ ಅಲ್ಲ. ನೀಲ್ ಯಂಗ್ ಎಂಬ ಈ ಮನುಷ್ಯ ನೀಲ್ ಯಂಗ್ ಥರ ಹಾಡುತ್ತಿಲ್ಲ ಅಂತ. ಕೇಳಿದ ಪರಿಹಾರ 33 ಲಕ್ಷ ಡಾಲರ್.

ಬೇಕಾದರೆ ಇನ್ನೊಂದು ಸಲ ಓದಿಕೊಳ್ಳಿ. ನಾನೂ ಹಾಗೇ ಮಾಡಿದ್ದು.

ಓದಿದಾಗ ನನಗೆ ನೆನಪಾದದ್ದು ಒಂದು ಬ್ಯಾಂಕು. ಚೆಕ್ ಕೊಟ್ಟು ನಿಂತಿದ್ದೆ. ಕೌಂಟರಿನ ಆಚೆ ಇದ್ದವರು ಕನ್ನಡಕ ಹಣೆಗೇರಿಸಿ, "ಸಾರ್, ಸಹಿ ಮ್ಯಾಚ್ ಆಗ್ತಿಲ್ಲ" ಅಂದರು.

"ನಾನೇ ಹಾಕಿದ್ದಲ್ವಾ, ನಿಮ್ಮೆದುರಿಗೇ."

"ಅದು ಸರಿ ಸಾರ್. ಆದ್ರೆ ನಿಮ್ಮ ಥರ ಇಲ್ವಲ್ಲ."

ಇಪ್ಪತ್ತು ವರ್ಷದ ಹಿಂದೆ ಖಾತೆ ತೆರೆಯುವಾಗ ಫಾರಂ ಮೇಲೆ ಹಾಕಿದ ಸಹಿಯೇ ಅಸಲಿ ನಾನು. ಎದುರಿಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದವನು ಯಾರೋ ಡೂಪ್ಲಿಕೇಟು. ಕೊನೆಗೆ ಅವರೇ ಪಾಪ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಹಳೇ ಸಹಿ ತೋರಿಸಿದರು. ಅದನ್ನು ನೋಡಿ ನೋಡಿ, ಗೆರೆ ಗೆರೆಗೂ ನಿಲ್ಲಿಸಿ, ನನ್ನ ಸಹಿಯನ್ನು ನಾನೇ ನಕಲು ಮಾಡಿದೆ. ಪಾಸಾಯಿತು.

ನೀಲ್ ಯಂಗ್ ಅವರಿಗೆ ಈ ಉಪಾಯ ಹೊಳೆದಿರಲಿಲ್ಲ. ಹೊಳೆದಿದ್ದರೂ ಮಾಡುವ ಪೈಕಿಯಲ್ಲ. 1945ರಲ್ಲಿ ಕೆನಡಾದ ಟೊರೊಂಟೋದಲ್ಲಿ ಹುಟ್ಟಿದ ಇವರು 1966ರಿಂದಲೇ ರಾಕ್ ಸಂಗೀತದಲ್ಲಿ ಇದ್ದವರು. 1972ರಲ್ಲಿ ಬಂದ 'ಹಾರ್ವೆಸ್ಟ್' ಆ ವರ್ಷ ಅಮೆರಿಕದಲ್ಲಿ ಬೇರೆಲ್ಲ ಆಲ್ಬಮ್‌ಗಳಿಗಿಂತ ಜಾಸ್ತಿ ಮಾರಾಟವಾಯಿತು. ಗಿಟಾರು, ಹಾರ್ಮೋನಿಕಾ, ಗಂಟಲು ಕಟ್ಟಿದಂಥ ತೆಳು ದನಿ. ಲೋಕವೆಲ್ಲ ಒರಗಿ ಕೂತು ಕಣ್ಣು ಒದ್ದೆ ಮಾಡಿಕೊಂಡಿತು. ಬುದ್ಧಿ ಇದ್ದವರು ಯಾರಾದರೂ ಮರುವರ್ಷ ಹಾರ್ವೆಸ್ಟ್ ಭಾಗ ಎರಡು, ಅದರ ಮರುವರ್ಷ ಭಾಗ ಮೂರು ತೆಗೆದು ಮನೆ ಮೇಲೆ ಮನೆ ಕಟ್ಟಿಸಿಕೊಳ್ಳುತ್ತಿದ್ದರು. ಇವರು ನಡುರಸ್ತೆ ಬೋರಾಯಿತು ಅಂತ ಗಾಡಿಯನ್ನು ಪಕ್ಕದ ಹಳ್ಳಕ್ಕೆ ಇಳಿಸಿದರು. ಇದು ನನ್ನ ಹೋಲಿಕೆಯಲ್ಲ. ಹೆಚ್ಚುಕಡಿಮೆ ಅವರೇ ಹೇಳಿಕೊಂಡದ್ದು.

ಅಂಥವರನ್ನು ಕರೆದು ಸಹಿ ಹಾಕಿಸಿಕೊಂಡವರು ಡೇವಿಡ್ ಗೆಫೆನ್. 1980ರಲ್ಲಿ ತಮ್ಮದೇ ಹೆಸರಿನ ಕಂಪನಿ ತೆರೆದಿದ್ದರು. ಯಂಗ್ ಅವರಿಗೆ ಹೊಸಬರೇನಲ್ಲ. ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅಂಡ್ ಯಂಗ್ ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಾಲದಿಂದ ಈ ಆಸಾಮಿಯ ಒಳಹೊರಗು ಬಲ್ಲವರು. ಕೈತುಂಬ ದುಡ್ಡು, ಜತೆಗೆ ಪೂರ್ತಿ ಸ್ವಾತಂತ್ರ್ಯ ಅಂತ ಮಾತಾಯಿತು. ನಿಮ್ಮಿಷ್ಟ ಬಂದದ್ದು ಮಾಡಿ.

ಈ 'ನಿಮ್ಮಿಷ್ಟ' ನಮಗೆ ಗೊತ್ತಿರುವುದೇ ಅಲ್ವಾ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು ಹೇಳುತ್ತಾರೆ: "ನಮಗೇನೂ ಬೇಡಪ್ಪ. ನಿಮ್ಮ ಮಗಳಿಗೆ ನಿಮ್ಮಿಷ್ಟ ಬಂದದ್ದು ಹಾಕಿ." ಅದನ್ನು ನಿಜ ಅಂತ ನಂಬಿದ ಅಪ್ಪನ ಗತಿಯೇ ಯಂಗ್ ಅವರದ್ದೂ ಆಯಿತು.

ಮೊದಲು 'ಟ್ರಾನ್ಸ್' ಬಂತು. ವೋಕೋಡರ್ ಎಂಬ ಯಂತ್ರದೊಳಗೆ ತೂರಿ ಬಂದ ದನಿ. ಹಾಡುತ್ತಿರುವುದು ಮನುಷ್ಯನೋ ಮಿಕ್ಸಿಯೋ ಗೊತ್ತಾಗದೆ ಅಭಿಮಾನಿಗಳು ತಲೆ ಕೆರೆದುಕೊಂಡರು. ಸೆರೆಬ್ರಲ್ ಪಾಲ್ಸಿ ಇದ್ದ, ಮಾತು ಬಾರದ ಮಗನ ಜತೆ ಹೇಗಾದರೂ ಮಾತಾಡಬೇಕು ಅಂತ ಹೊರಟ ಅಪ್ಪನ ಹಾಡುಗಳು ಅವು ಅಂತ ಜನಕ್ಕೆ ಗೊತ್ತಾದದ್ದು ತುಂಬ ಆಮೇಲೆ. ಇದರಲ್ಲಿ ನಗುವುದಕ್ಕೇನೂ ಇಲ್ಲ, ಮುಂದೆ ಹೋಗೋಣ.

ಆಮೇಲೆ ಯಂಗ್ ಒಂದು ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಶೈಲಿಯ, ಆಲ್ಬಮ್ ಹಿಡಿದುಕೊಂಡು ಹೋದರು. ಕಂಪನಿಗೆ ಎದೆ ಧಸಕ್ಕೆಂದಿತು. ಇದೆಲ್ಲ ಬೇಡ ಸ್ವಾಮಿ, ರಾಕ್ ಅಂಡ್ ರೋಲ್ ಕೊಡಿ ಅಂದರು.

ರಾಕ್ ಅಂಡ್ ರೋಲ್ ತಾನೇ? ಯಂಗ್ ಸೀದಾ ಆ ಹೆಸರು ಮನೆಮಾತಾದ 1950ರ ದಶಕಕ್ಕೇ ಹೋಗಿಬಿಟ್ಟರು. ಕೂದಲಿಗೆ ಎಣ್ಣೆ ಮೆತ್ತಿ ಹಿಂದಕ್ಕೆ ಬಾಚಿದರು. 'ಶಾಕಿಂಗ್ ಪಿಂಕ್ಸ್' ಅಂತ ಒಂದು ತಂಡ ಕಟ್ಟಿದರು. ಕವರ್ ಕೂಡ ಬೊಂಬಾಯಿ ಮಿಠಾಯಿ ಬಣ್ಣ. ಆಲ್ಬಮ್ ಹೆಸರು 'ಎವರಿಬಡೀಸ್ ರಾಕಿನ್'. ಹತ್ತು ಹಾಡು, ಇಪ್ಪತ್ತೈದು ನಿಮಿಷ. ಆಗ ಅವರಿಗೆ 37 ವರ್ಷ. ವಿಷಾದಕ್ಕೆ ಹೆಸರಾದ ಮನುಷ್ಯ ಬೆಟ್ಟಿ ಲೂ ಎಂಬ ಹುಡುಗಿಗೆ ಹೊಸ ಚಪ್ಪಲಿ ಬಂದ ಸಂಭ್ರಮವನ್ನು ಕುಣಿದಾಡಿ ಹಾಡುತ್ತಿದ್ದಾರೆ. ಅದು ಹಳೇ ಹಾಡು, ಇವರದ್ದಲ್ಲ. ಖುಷಿ ಮಾತ್ರ ಇವರದ್ದೇ.

ಆಲ್ಬಮ್ ಹೇಗಿದೆ ಅಂತ ಕೇಳಿದರೆ, ಮಹಾ ಏನಲ್ಲ. ರಾತ್ರಿ ಪಾತ್ರೆ ತೊಳೆಯುತ್ತಾ ಹಾಕಿಕೊಂಡೆ. ಲೋಟ, ತಟ್ಟೆ, ಸಾರಿನ ಪಾತ್ರೆ ಮುಗಿಸಿ ಕುಕ್ಕರಿನ ತಳಕ್ಕೆ ಕೈ ಹಾಕುವಷ್ಟರಲ್ಲಿ ಆಲ್ಬಮ್ಮೇ ಮುಗಿದುಹೋಯಿತು. ಹಾಡುಗಳು ಬಂದವು, ಕಾಲು ಕುಣಿಸಿದವು, ಹೋದವು. ಒಂದು ಹಾಡು ಮಾತ್ರ ಕೈ ನಿಲ್ಲಿಸಿತು. ರೇಡಿಯೋದವರು ದುಡ್ಡು ಇಸಿದುಕೊಂಡು ಹಾಡು ಹಾಕುತ್ತಿದ್ದ ಪೇಯೋಲಾ ಹಗರಣದ ಬಗ್ಗೆ ಅದು. ಆ ಹಗರಣದಲ್ಲಿ ಸಿಕ್ಕಿಬಿದ್ದು ಮುಗಿದುಹೋದ ಡಿಸ್ಕ್ ಜಾಕಿ ಅಲನ್ ಫ್ರೀಡ್‌ಗೆ ಅರ್ಪಣೆ ಬೇರೆ. ಈಗಿನವರ ಮುಂದೆ ನೀನೆಷ್ಟೋ ವಾಸಿ ಮಾರಾಯ ಅನ್ನುವ ಧಾಟಿ. ಬೊಂಬಾಯಿ ಮಿಠಾಯಿಯೊಳಗೆ ಒಂದು ಗುಂಡುಸೂಜಿ. ಕಂಪನಿಯವರು ಇದನ್ನು ಕೇಳಿದ್ದರೋ ಇಲ್ಲವೋ, ಕೇಸು ಹಾಕಿದ್ದು ಮಾತ್ರ ಬೇರೆ ಕಾರಣಕ್ಕೆ.

ಇಷ್ಟು ಚಿಕ್ಕದು ಯಾಕೆ ಅಂದರೆ, ಇನ್ನೂ ಎರಡು ಹಾಡು ಬಾಕಿ ಇದ್ದಾಗಲೇ ಕಂಪನಿ ರೆಕಾರ್ಡಿಂಗ್ ನಿಲ್ಲಿಸಿತು ಅಂತ ಯಂಗ್ ಹೇಳುತ್ತಾರೆ. ಅಂದರೆ ಸಾರಿಗೇ ಎಲೆ ಎತ್ತಿಸಿ, ಪಾಯಸ ಎಲ್ಲಿ ಅಂತ ಅಡುಗೆಭಟ್ಟರ ಮೇಲೆ ದಾವೆ ಹೂಡಿದ ಹಾಗೆ.

ದಾವೆಯಲ್ಲಿದ್ದ ದೂರು ಎರಡು. ಈ ಆಲ್ಬಮ್‌ಗಳು ಮಾರಾಟದ ಸರಕಲ್ಲ. ಮತ್ತು ಇವು ಅವರ ಹಿಂದಿನ ಹಾಡುಗಳ ಥರ ಇಲ್ಲ. ಮೊದಲನೆಯದು ಬಿಡಿ, ಅಂಗಡಿ ಇಟ್ಟವರ ಮಾಮೂಲಿ ಗೋಳು. ಎರಡನೆಯದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಹೇಗೆ? ನಾನು ಸುಮ್ನೆ ಕಲ್ಪಿಸಿಕೊಂಡೆ.

"ಪ್ರತಿವಾದಿ ನೀಲ್ ಯಂಗ್ ಹಾಜರಿದ್ದಾರಾ?"

"ಇದ್ದಾರೆ ಸ್ವಾಮಿ. ಆದರೆ ನಮಗೆ ಬೇಕಾದವರು ಇವರಲ್ಲ."

"ಮತ್ತೆ ಯಾರು?"

"1972ನೇ ಇಸವಿಯವರು."

"ಅವರಿಗೆ ಸಮನ್ಸ್ ಕಳಿಸಿದ್ದೀರಾ?"

"ಕಳಿಸಿದೆವು ಸ್ವಾಮಿ. ವಿಳಾಸದಾರರು ಅಲ್ಲಿಲ್ಲ ಅಂತ ವಾಪಸ್ ಬಂತು."

ಯಂಗ್ ಕೂಡ ಸುಮ್ಮನೆ ಕೂರಲಿಲ್ಲ. ಸ್ವಾತಂತ್ರ್ಯ ಕೊಡುತ್ತೇವೆ ಅಂದು ಈಗ ಮೂಗು ತೂರಿಸುತ್ತಿದ್ದೀರಿ ಅಂತ 2 ಕೋಟಿ 10 ಲಕ್ಷ ಡಾಲರಿಗೆ ಎದುರು ದಾವೆ ಹಾಕಿದರು. ಕಂಪನಿ ಕೇಳಿದ್ದರ ಆರು ಪಟ್ಟಿಗಿಂತ ಜಾಸ್ತಿ. ಕೊನೆಗೆ ರಾಜಿಯಾಯಿತು. ಗೆಫೆನ್ ಖುದ್ದಾಗಿ ಕ್ಷಮೆ ಕೇಳಿದರು. ಅಷ್ಟೆಲ್ಲ ಆದಮೇಲೆ 1985ರಲ್ಲಿ ಆ ಕಂಪನಿಯಿಂದಲೇ ಬಂದ ಆಲ್ಬಮ್ ಯಾವುದು ಗೊತ್ತಾ? 'ಓಲ್ಡ್ ವೇಸ್'. ಕಂಟ್ರಿ. ಮೊದಲು ಯಾವುದಕ್ಕೆ ಬೇಡ ಅಂದಿದ್ದರೋ ಅದೇ.

ನನಗೆ ಕಂಪನಿಯ ಮೇಲೆ ಒಂಚೂರು ಕನಿಕರವೂ ಇದೆ. ಯಾಕೆಂದರೆ ಈ ಕೇಸನ್ನು ಮನಸ್ಸಿನಲ್ಲೇ ಹಾಕುವವರು ನಾವು, ಕೇಳುಗರು. ಕಛೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು, ವಿದ್ವಾಂಸರು ಹೊಸ ಕೃತಿ ಎತ್ತಿಕೊಂಡ ತಕ್ಷಣ ಕ್ಯಾಂಟೀನಿಗೆ ಏಳುವವರು ಯಾರು? ಗಂಭೀರ ಮನುಷ್ಯ ತಮಾಷೆ ಮಾಡಿದರೆ "ಯಾಕೋ ಇತ್ತೀಚೆಗೆ ಸರಿ ಇಲ್ಲ" ಅನ್ನುತ್ತೇವೆ. ಕಂಪನಿ ಅದನ್ನೇ ಲಾಯರ್ ಫೀಸು ಕೊಟ್ಟು, ಟೈಪ್ ಮಾಡಿಸಿ, ಸೀಲು ಹೊಡೆಸಿ ಹೇಳಿತು. ಅಷ್ಟೇ ವ್ಯತ್ಯಾಸ.

ಈ ಕತೆ ಇಲ್ಲಿಗೇ ಮುಗಿದಿದ್ದರೆ ಒಂದು ಕಂಪನಿಯ ತಲೆ ಕೆಟ್ಟಿತ್ತು ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಅದೇ ದಶಕದಲ್ಲಿ, ಅದೇ ಕ್ಯಾಲಿಫೋರ್ನಿಯಾದಲ್ಲಿ, ಇನ್ನೊಬ್ಬ ಹಳೇ ರಾಕ್ ಹಾಡುಗಾರ ಜಾನ್ ಫೋಗರ್ಟಿ ಕಟಕಟೆ ಹತ್ತಬೇಕಾಯಿತು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದವರು. ಇವರ ಮೇಲಿದ್ದ ಆರೋಪ: ಜಾನ್ ಫೋಗರ್ಟಿ ಎಂಬ ಈ ಮನುಷ್ಯ ಜಾನ್ ಫೋಗರ್ಟಿ ಥರವೇ ಹಾಡುತ್ತಿದ್ದಾನೆ.

ತಮಾಷೆಯಲ್ಲ. ಅವರ 1970ರ ಒಂದು ಹಾಡಿನ ಹಕ್ಕು ಹಳೇ ಕಂಪನಿ ಫ್ಯಾಂಟಸಿಯ ಹತ್ತಿರ ಉಳಿದಿತ್ತು. ಫೋಗರ್ಟಿ 1985ರಲ್ಲಿ ಬೇರೆ ಕಂಪನಿಗೆ 'ಸೆಂಟರ್‌ಫೀಲ್ಡ್' ಮಾಡಿದಾಗ ಅದರಲ್ಲಿದ್ದ ಒಂದು ಹಾಡು ನಮ್ಮ ಹಾಡಿನ ನಕಲು ಅಂತ ಫ್ಯಾಂಟಸಿ ಕೇಸು ಹಾಕಿತು. ಹಳೇ ಹಾಡು ಬರೆದವರು ಫೋಗರ್ಟಿ. ಹೊಸ ಹಾಡು ಬರೆದವರೂ ಫೋಗರ್ಟಿ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯದಲ್ಲಿ ಸಾಕ್ಷಿ ಕಟ್ಟೆಯಲ್ಲಿ ಗಿಟಾರು ಹಿಡಿದು ಕೂತು, ನನ್ನ ಹಾಡುಗಳು ಹುಟ್ಟುವುದು ಹೀಗೆ, ಇದು ನನ್ನ ಶೈಲಿ ಕಣ್ರಪ್ಪ ಅಂತ ನುಡಿಸಿ ತೋರಿಸಬೇಕಾಯಿತು. ಜ್ಯೂರಿಯವರು ಒಪ್ಪಿದರು. ಆದರೆ ಲಾಯರ್ ಖರ್ಚು ಯಾರು ಕೊಡಬೇಕು ಅನ್ನುವ ಜಗಳ ಸುಪ್ರೀಂ ಕೋರ್ಟ್ ತನಕ ಹತ್ತಿ, 1994ರಲ್ಲಿ ಅಲ್ಲಿ ಫೋಗರ್ಟಿ ಪರ ತೀರ್ಪಾಯಿತು. ಆಮೇಲೆ 13 ಲಕ್ಷ ಡಾಲರಿಗೂ ಹೆಚ್ಚು ಕೈಗೆ ಬಂತು. ತಾನು ತನ್ನ ಥರ ಇರುವುದು ಅಪರಾಧವಲ್ಲ ಅಂತ ಸಾಬೀತು ಮಾಡುವುದಕ್ಕೆ ತಗಲಿದ ಖರ್ಚು ಅದು.

ಯಂಗ್ ಅವರು ಅಷ್ಟರಲ್ಲಿ ಗೆಫೆನ್ ಬಿಟ್ಟು ಹಳೇ ಕಂಪನಿ ರಿಪ್ರೈಸ್‌ಗೆ ವಾಪಸ್ ಹೋಗಿದ್ದರು. 1988ರಲ್ಲಿ ಅಲ್ಲಿಂದ ತಂದ ಆಲ್ಬಮ್ ತುತ್ತೂರಿ, ಸ್ಯಾಕ್ಸೋಫೋನುಗಳ ದಂಡು ಕಟ್ಟಿಕೊಂಡ ಬ್ಲೂಸ್. ಅದೂ ನೀಲ್ ಯಂಗ್ ಥರ ಇರಲಿಲ್ಲ. ಈ ಸಲ ಯಾರೂ ಕೇಸು ಹಾಕಲಿಲ್ಲ. ಜಾಹೀರಾತುಗಳಿಗೆ ಹಾಡುವ ಗಾಯಕರನ್ನು ಗೇಲಿ ಮಾಡಿದ ಅದರ ವಿಡಿಯೋವನ್ನು ಎಂಟಿವಿ ಮಾತ್ರ ಹಾಕುವುದಿಲ್ಲ ಅಂದಿತು. ಮರುವರ್ಷ ಅದಕ್ಕೇ ವರ್ಷದ ಅತ್ಯುತ್ತಮ ವಿಡಿಯೋ ಪ್ರಶಸ್ತಿ ಕೊಟ್ಟಿತು. ಕೊಟ್ಟದ್ದು ಎಂಟಿವಿಯೇ.

ಮೊನ್ನೆ ಕೆವೈಸಿ ಅಂತ ಮತ್ತೆ ಅದೇ ಬ್ಯಾಂಕಿಗೆ ಹೋಗಿದ್ದೆ. ಹೊಸ ಫಾರಂ, ಮೂರು ಕಡೆ ಮಾದರಿ ಸಹಿ. ಹಿಂದಿನ ಅನುಭವ ಇತ್ತಲ್ಲ, ಮನೆಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿಯೇ ಹೋಗಿದ್ದೆ. ಉಸಿರು ಬಿಗಿಹಿಡಿದು ಮೂರೂ ಹಾಕಿದೆ. ಕೌಂಟರಿನವರು ಫಾರಂ ಎತ್ತಿ ಬೆಳಕಿಗೆ ಹಿಡಿದರು.

"ಏನ್ಸಾರ್ ಇದು, ಮೂರೂ ಒಳ್ಳೇ ಜೆರಾಕ್ಸ್ ಥರ ಇದೆ. ಸ್ವಲ್ಪ ಫ್ರೀಯಾಗಿ ಹಾಕಿ."